ಗಣಕಯಂತ್ರದ ಬೂಟಿಂಗ್

ಬೂಟಿಂಗ್ ಎಂಬುದು ಗಣಕಯಂತ್ರದ ವಿದ್ಯುತ್ ಗುಂಡಿಯನ್ನು ಒತ್ತಿದ ಕ್ಷಣದಿಂದ ಕಾರ್ಯಾಚರಣ ವ್ಯವಸ್ಥೆಯು ಬಳಕೆಗೆ ಸಿದ್ಧವಾಗುವವರೆಗೆ ನಡೆಯುವ ಕ್ರಿಯೆಗಳ ಸರಣಿಯಾಗಿದೆ. ಗಣಕಯಂತ್ರದ ಪ್ರೊಸೆಸರ್ ಮೆಮೊರಿಯಲ್ಲಿರುವ ಆದೇಶಗಳನ್ನು ಮಾತ್ರ ಪಾಲಿಸಬಲ್ಲದು. ಆದರೆ ಮುಖ್ಯ ಮೆಮೊರಿಯಾದ ರ‍್ಯಾಮ್, ವಿದ್ಯುತ್ ನಿಂತೊಡನೆ ತನ್ನಲ್ಲಿದ್ದುದನ್ನೆಲ್ಲ ಕಳೆದುಕೊಳ್ಳುತ್ತದೆ. ಹೀಗಾಗಿ ಯಂತ್ರವನ್ನು ಆನ್ ಮಾಡಿದಾಗ ರ‍್ಯಾಮ್‌ನಲ್ಲಿ ಯಾವ ತಂತ್ರಾಂಶವೂ ಇರುವುದಿಲ್ಲ. ಡಿಸ್ಕ್‌ನಲ್ಲಿರುವ ತಂತ್ರಾಂಶವನ್ನು ರ‍್ಯಾಮ್‌ಗೆ ತರಲು ಇನ್ನೊಂದು ತಂತ್ರಾಂಶ ಬೇಕು. ಆ ಇನ್ನೊಂದನ್ನು ತರುವವರು ಯಾರು ಎಂಬ ಪ್ರಶ್ನೆ ಬೀಜ ಮೊದಲೋ ವೃಕ್ಷ ಮೊದಲೋ ಎಂಬಂಥದ್ದು. ಅಳಿಯದ ಚಿಪ್ ಒಂದರಲ್ಲಿ ಮೊದಲೇ ಬರೆದಿಟ್ಟ ಚಿಕ್ಕ ತಂತ್ರಾಂಶವು ತನಗಿಂತ ದೊಡ್ಡದನ್ನು ಮೆಮೊರಿಗೆ ತಂದು, ಯಂತ್ರದ ನಿಯಂತ್ರಣವನ್ನು ಅದಕ್ಕೆ ಒಪ್ಪಿಸಿ ಹಿಂದೆ ಸರಿಯುವುದೇ ಈ ಪ್ರಶ್ನೆಗೆ ದೊರೆತಿರುವ ಪರಿಹಾರ. ಹೀಗೆ ಹಲವು ಬಾರಿ ನಿಯಂತ್ರಣ ಕೈ ಬದಲಾದ ಮೇಲೆ ಕಾರ್ಯಾಚರಣ ವ್ಯವಸ್ಥೆಯ ಸರದಿ ಬರುತ್ತದೆ.

ಈ ಸರಣಿಯ ಪ್ರತಿಯೊಂದು ಕೊಂಡಿಯೂ ತನ್ನ ಹಿಂದಿನ ಕೊಂಡಿಯನ್ನು ಅವಲಂಬಿಸಿದೆ. ಇದರಿಂದ ಎರಡು ಪರಿಣಾಮಗಳು ಉಂಟಾಗುತ್ತವೆ. ಯಾವುದೇ ಒಂದು ಕೊಂಡಿ ಕಳಚಿದರೂ ಉಳಿದ ಭಾಗಗಳು ಸುಸ್ಥಿತಿಯಲ್ಲಿದ್ದಾಗಲೂ ಯಂತ್ರ ನಿಷ್ಪ್ರಯೋಜಕವಾಗುತ್ತದೆ. ಹಾಗೆಯೇ, ಮೊದಲಿನ ಕೊಂಡಿಯನ್ನು ವಶಪಡಿಸಿಕೊಂಡವರು ಅನಂತರದ ಎಲ್ಲವನ್ನೂ ನಿಯಂತ್ರಿಸಬಲ್ಲರು. ಬೂಟಿಂಗ್‌ನ ಇತಿಹಾಸವು ಬಹುಮಟ್ಟಿಗೆ ಈ ಎರಡು ಅಪಾಯಗಳನ್ನು ಎದುರಿಸಿದ ಇತಿಹಾಸವೂ ಆಗಿದೆ. ಈ ಲೇಖನವು ಮುಖ್ಯವಾಗಿ ಐಬಿಎಂ ಪಿಸಿಯ ವಂಶಕ್ಕೆ ಸೇರಿದ ವೈಯಕ್ತಿಕ ಗಣಕಯಂತ್ರಗಳನ್ನು ಕುರಿತದ್ದಾಗಿದೆ.

ಹೆಸರಿನ ಮೂಲ

'ಬೂಟ್' ಎಂಬುದು 'ಬೂಟ್‌ಸ್ಟ್ರ್ಯಾಪ್' ಎಂಬ ಪದದ ಹ್ರಸ್ವರೂಪ. ಎತ್ತರದ ಬೂಟುಗಳನ್ನು ಎಳೆದು ತೊಡಲು ಅವುಗಳ ಮೇಲಂಚಿನಲ್ಲಿ ಹೊಲಿದಿರುವ ಪಟ್ಟಿಗೆ ಈ ಹೆಸರಿದೆ. ತಾನು ತೊಟ್ಟ ಬೂಟಿನ ಪಟ್ಟಿಯನ್ನು ಹಿಡಿದು ತನ್ನನ್ನೇ ಮೇಲಕ್ಕೆತ್ತಿಕೊಳ್ಳುವುದು ಎಂಬ ಮಾತನ್ನು 19ನೇ ಶತಮಾನದ ಅಮೆರಿಕದಲ್ಲಿ ಅಸಾಧ್ಯವಾದುದನ್ನು ಸೂಚಿಸಲು ಬಳಸುತ್ತಿದ್ದರು. ಹೊರಗಿನ ನೆರವಿಲ್ಲದೆ ತನ್ನನ್ನು ತಾನೇ ಮೆಮೊರಿಗೆ ತಂದುಕೊಳ್ಳುವ ತಂತ್ರಾಂಶಕ್ಕೆ 1950ರ ದಶಕದಲ್ಲಿ ಈ ಹೆಸರು ಅನ್ವಯವಾಯಿತು.

ಇತಿಹಾಸ

1952ರಲ್ಲಿ ಪ್ರಕಟವಾದ ಐಬಿಎಂ 701 ಗಣಕಯಂತ್ರದಲ್ಲಿ 'ಲೋಡ್' ಎಂಬ ಗುಂಡಿಯಿತ್ತು. ಅದನ್ನು ಒತ್ತಿದಾಗ ಯಂತ್ರವು ರಂಧ್ರಪತ್ರ, ಕಾಂತಪಟ್ಟಿ ಅಥವಾ ಕಾಂತೀಯ ಡ್ರಮ್‌ನಿಂದ 36 ಬಿಟ್‌ಗಳ ಒಂದೇ ಒಂದು ಪದವನ್ನು ಓದಿಕೊಂಡು, ಅದರಲ್ಲಿದ್ದ ಆದೇಶವನ್ನು ಪಾಲಿಸುತ್ತಿತ್ತು. ಆ ಆದೇಶವು ಸಾಮಾನ್ಯವಾಗಿ ಇನ್ನಷ್ಟು ಪದಗಳನ್ನು ಓದಿಕೊಳ್ಳುವ ಆದೇಶವೇ ಆಗಿರುತ್ತಿತ್ತು.

1975ರಲ್ಲಿ ಬಂದ ಆಲ್ಟೇರ್ 8800 ಎಂಬ ಆರಂಭಿಕ ವೈಯಕ್ತಿಕ ಗಣಕದ ಮೂಲರೂಪದಲ್ಲಿ ಇಂಥ ಗುಂಡಿಯೂ ಇರಲಿಲ್ಲ. ಬಳಕೆದಾರರು ಅದರ ಮುಂಭಾಗದ ಸ್ವಿಚ್‌ಗಳನ್ನು ಮೇಲೆ ಕೆಳಗೆ ಸರಿಸಿ, ಲೋಡರ್ ಎಂಬ ಪುಟ್ಟ ತಂತ್ರಾಂಶವನ್ನು ದ್ವಿಮಾನ ಅಂಕಿಗಳಲ್ಲಿ ಒಂದೊಂದೇ ಬೈಟ್ ಆಗಿ ಮೆಮೊರಿಗೆ ತುಂಬಬೇಕಾಗಿತ್ತು. ಅನಂತರ ಆ ಲೋಡರ್ ಕಾಗದದ ಪಟ್ಟಿಯಿಂದ ಬೇಸಿಕ್ ಭಾಷೆಯ ತಂತ್ರಾಂಶವನ್ನು ಓದಿಕೊಳ್ಳುತ್ತಿತ್ತು. ಒಂದು ಸ್ವಿಚ್ ತಪ್ಪಿದರೂ ಯಂತ್ರ ಕೆಲಸ ಮಾಡುತ್ತಿರಲಿಲ್ಲ. ವಿದ್ಯುತ್ ನಿಂತರೆ ಎಲ್ಲವನ್ನೂ ಮತ್ತೆ ಮೊದಲಿನಿಂದ ಆರಂಭಿಸಬೇಕಿತ್ತು. ಆರಂಭದ ತಂತ್ರಾಂಶವನ್ನು ರಾಮ್, ಅಂದರೆ ಓದಲು ಮಾತ್ರ ಬರುವ ಅಳಿಯದ ಚಿಪ್‌ನಲ್ಲಿ, ಶಾಶ್ವತವಾಗಿ ಬರೆದಿಡುವ ಕ್ರಮವು ಈ ತೊಂದರೆಯನ್ನು ನಿವಾರಿಸಿತು. 1977ರ ಆಪಲ್ 2 ಗಣಕವು ಈ ಕ್ರಮವನ್ನು ಅನುಸರಿಸಿತು.

1981ರ ಆಗಸ್ಟ್ 12ರಂದು ಬಿಡುಗಡೆಯಾದ ಐಬಿಎಂ ಪಿಸಿಯಲ್ಲಿ 8 ಕಿಲೋಬೈಟ್ ಗಾತ್ರದ ಬಯೋಸ್ ಎಂಬ ಆರಂಭಿಕ ತಂತ್ರಾಂಶವಿತ್ತು. ಮೂಲ ಒಳಹರಿವು ಮತ್ತು ಹೊರಹರಿವಿನ ವ್ಯವಸ್ಥೆ ಎಂಬುದು ಬಯೋಸ್ ಎಂಬ ಹೆಸರಿನ ಅರ್ಥ. ಸಿಪಿ/ಎಂ ಕಾರ್ಯಾಚರಣ ವ್ಯವಸ್ಥೆಯ ನಿರ್ಮಾತೃ ಗ್ಯಾರಿ ಕಿಲ್ಡಾಲ್ ಈ ಪದವನ್ನು ಮೊದಲು ಬಳಕೆಗೆ ತಂದರು. ಐಬಿಎಂ ಪಿಸಿಯ ಬಹುತೇಕ ಬಿಡಿಭಾಗಗಳು ಮಾರುಕಟ್ಟೆಯಲ್ಲಿ ಯಾರಿಗಾದರೂ ದೊರೆಯುತ್ತಿದ್ದವು. ಬಯೋಸ್ ಮಾತ್ರ ಐಬಿಎಂನ ಕೃತಿಸ್ವಾಮ್ಯಕ್ಕೆ ಒಳಪಟ್ಟಿತ್ತು. ಕಾಂಪ್ಯಾಕ್ ಸಂಸ್ಥೆಯು ಐಬಿಎಂನ ಸಂಕೇತವನ್ನು ನಕಲು ಮಾಡದೆ, ಅದೇ ರೀತಿ ವರ್ತಿಸುವ ಬಯೋಸ್ ಒಂದನ್ನು ಸ್ವತಂತ್ರವಾಗಿ ಬರೆಸಿ, 1982ರ ನವೆಂಬರ್‌ನಲ್ಲಿ ತನ್ನ ಪೋರ್ಟಬಲ್ ಗಣಕವನ್ನು ಪ್ರಕಟಿಸಿತು. 1984ರಲ್ಲಿ ಫೀನಿಕ್ಸ್ ಸಂಸ್ಥೆಯು ಇಂಥ ಬಯೋಸನ್ನು ಇತರ ತಯಾರಕರಿಗೂ ಮಾರಲು ಆರಂಭಿಸಿತು. ಪಿಸಿ ಹೊಂದಾಣಿಕೆಯುಳ್ಳ ಗಣಕಗಳನ್ನು ಅನೇಕ ಸಂಸ್ಥೆಗಳು ತಯಾರಿಸುವಂತಾಗಲು ಈ ಚಿಕ್ಕ ತಂತ್ರಾಂಶದ ಲಭ್ಯತೆಯು ಮುಖ್ಯ ಕಾರಣವಾಯಿತು.

ಬೂಟಿಂಗ್‌ನ ಹಂತಗಳು

ವಿದ್ಯುತ್ ಪೂರೈಕೆ

ಇಂದಿನ ಮೇಜುಗಣಕಗಳಲ್ಲಿ ವಿದ್ಯುತ್ ಗುಂಡಿಯು ಗೋಡೆಯ ಸ್ವಿಚ್‌ನಂತೆ ನೇರವಾಗಿ ವಿದ್ಯುತ್ತನ್ನು ಹರಿಸುವುದಿಲ್ಲ. ಯಂತ್ರವು ಆಫ್ ಆಗಿರುವಾಗಲೂ ವಿದ್ಯುತ್ ಪೂರೈಕೆ ಘಟಕವು ಮದರ್‌ಬೋರ್ಡಿಗೆ 5 ವೋಲ್ಟ್‌ಗಳ ಅಲ್ಪ ವಿದ್ಯುತ್ತನ್ನು ಒದಗಿಸುತ್ತಿರುತ್ತದೆ. ಗುಂಡಿಯನ್ನು ಒತ್ತಿದಾಗ ಮದರ್‌ಬೋರ್ಡ್ ಪೂರ್ಣ ಪೂರೈಕೆಯನ್ನು ಆರಂಭಿಸುವಂತೆ ಘಟಕಕ್ಕೆ ಸೂಚಿಸುತ್ತದೆ. ಘಟಕವು 12, 5 ಮತ್ತು 3.3 ವೋಲ್ಟ್‌ಗಳ ವಿದ್ಯುತ್ತನ್ನು ನೀಡತೊಡಗಿ, ಅವು ಸ್ಥಿರಗೊಂಡ ಮೇಲೆ 'ಪವರ್ ಗುಡ್' ಎಂಬ ಸಂಕೇತವನ್ನು ಕಳುಹಿಸುತ್ತದೆ. ಒಂದು ಸೆಕೆಂಡಿನ ಅಲ್ಪ ಭಾಗದಷ್ಟೇ ಇರುವ ಈ ಅವಧಿಯಲ್ಲಿ ಪ್ರೊಸೆಸರನ್ನು ತಡೆಹಿಡಿಯಲಾಗಿರುತ್ತದೆ. ಅಸ್ಥಿರ ವಿದ್ಯುತ್ತಿನಲ್ಲಿ ಕೆಲಸ ಆರಂಭಿಸಿದರೆ ಪ್ರೊಸೆಸರ್ ಆದೇಶಗಳನ್ನು ತಪ್ಪಾಗಿ ಓದಬಹುದಾದ್ದರಿಂದ ಈ ವ್ಯವಸ್ಥೆ ಅಗತ್ಯವಾಗಿದೆ.

ಮೊದಲ ಆದೇಶ

ತಡೆ ತೆರವಾದೊಡನೆ ಪ್ರೊಸೆಸರ್ ಒಂದು ನಿಶ್ಚಿತ ವಿಳಾಸದಿಂದ ತನ್ನ ಮೊದಲ ಆದೇಶವನ್ನು ಓದುತ್ತದೆ. ಈ ವಿಳಾಸವನ್ನು ಪ್ರೊಸೆಸರ್ ತಯಾರಿಕೆಯ ಹಂತದಲ್ಲೇ ನಿಗದಿಪಡಿಸಲಾಗಿರುತ್ತದೆ. ಐಬಿಎಂ ಪಿಸಿಯ 8088 ಪ್ರೊಸೆಸರಿಗೆ ಅದು 1 ಮೆಗಾಬೈಟ್ ವಿಳಾಸವ್ಯಾಪ್ತಿಯ ತುದಿಯಿಂದ 16 ಬೈಟ್‌ಗಳಷ್ಟು ಕೆಳಗಿತ್ತು. 80386 ಮತ್ತು ಅನಂತರದ ಪ್ರೊಸೆಸರುಗಳಲ್ಲಿ 4 ಗಿಗಾಬೈಟ್ ವ್ಯಾಪ್ತಿಯ ತುದಿಯಿಂದ 16 ಬೈಟ್‌ಗಳಷ್ಟು ಕೆಳಗಿದೆ. ಮದರ್‌ಬೋರ್ಡ್ ಈ ವಿಳಾಸವನ್ನು ರ‍್ಯಾಮ್‌ಗೆ ಬದಲಾಗಿ ಫ್ಲಾಶ್ ಚಿಪ್‌ಗೆ ಜೋಡಿಸಿರುತ್ತದೆ. 16 ಬೈಟ್‌ಗಳಲ್ಲಿ ಹೆಚ್ಚೇನೂ ಹಿಡಿಸದ ಕಾರಣ ಅಲ್ಲಿ ಸಾಮಾನ್ಯವಾಗಿ ಚಿಪ್‌ನ ಇನ್ನೊಂದು ಭಾಗಕ್ಕೆ ಜಿಗಿಯುವಂತೆ ಹೇಳುವ ಆದೇಶವಿರುತ್ತದೆ. ಚಿಪ್‌ನಲ್ಲಿರುವ ಈ ತಂತ್ರಾಂಶವನ್ನು ಫರ್ಮ್‌ವೇರ್ ಎಂದು ಕರೆಯುತ್ತಾರೆ. ಬಯೋಸ್ ಮತ್ತು ಯುಇಎಫ್ಐ ಇದರ ಎರಡು ಪ್ರಮುಖ ಬಗೆಗಳು.

ಹಲವು ಕೋರ್‌ಗಳಿರುವ ಪ್ರೊಸೆಸರಿನಲ್ಲಿ ಮೊದಲಿಗೆ ಒಂದು ಕೋರ್ ಮಾತ್ರ ಈ ಕೆಲಸ ಮಾಡುತ್ತದೆ. ಉಳಿದವು ಕರೆ ಬರುವವರೆಗೆ ಕಾಯುತ್ತವೆ.

ಯಂತ್ರಾಂಶದ ಸಿದ್ಧತೆ ಮತ್ತು ಸ್ವಪರೀಕ್ಷೆ

ಈ ಘಟ್ಟದಲ್ಲಿ ರ‍್ಯಾಮ್ ಇನ್ನೂ ಬಳಕೆಗೆ ಬಂದಿರುವುದಿಲ್ಲ. ಪ್ರತಿಯೊಂದು ರ‍್ಯಾಮ್ ಪಟ್ಟಿಯ ಮೇಲೂ ಅದರ ಗಾತ್ರ ಮತ್ತು ವೇಗವನ್ನು ತಿಳಿಸುವ ಪುಟ್ಟ ಚಿಪ್ ಒಂದಿರುತ್ತದೆ. ಫರ್ಮ್‌ವೇರ್ ಅದನ್ನು ಓದಿ, ರ‍್ಯಾಮ್‌ಗೆ ತಕ್ಕ ಸಮಯಾಂತರಗಳನ್ನು ಪ್ರಯೋಗದಿಂದ ಕಂಡುಕೊಳ್ಳುತ್ತದೆ. ಅಲ್ಲಿಯವರೆಗೆ ಅದು ಪ್ರೊಸೆಸರಿನೊಳಗಿನ ಕ್ಯಾಶ್ ಮೆಮೊರಿಯನ್ನೇ ತಾತ್ಕಾಲಿಕ ರ‍್ಯಾಮ್ ಆಗಿ ಬಳಸಿಕೊಳ್ಳುತ್ತದೆ. ಹೊಸ ರ‍್ಯಾಮ್ ಅಳವಡಿಸಿದ ಮೇಲೆ ಮೊದಲ ಬಾರಿ ಗಣಕವು ಪ್ರಾರಂಭವಾಗಲು ಹೆಚ್ಚು ಸಮಯ ತೆಗೆದುಕೊಳ್ಳುವುದಕ್ಕೆ ಇದೇ ಕಾರಣ.

ಅನಂತರ ಫರ್ಮ್‌ವೇರ್ ಕೀಲಿಮಣೆ, ಗ್ರಾಫಿಕ್ಸ್, ಡಿಸ್ಕ್ ಮೊದಲಾದವನ್ನು ಪರೀಕ್ಷಿಸುತ್ತದೆ. ಈ ಸ್ವಪರೀಕ್ಷೆಯು 'ಪೋಸ್ಟ್' ಎಂಬ ಹೆಸರಿನಿಂದ ಪ್ರಸಿದ್ಧವಾಗಿದೆ. ಪರದೆಯು ಸಿದ್ಧವಾಗುವ ಮೊದಲೇ ದೋಷ ಕಂಡುಬಂದರೆ ಅದನ್ನು ಬರೆದು ತೋರಿಸಲು ಸಾಧ್ಯವಿಲ್ಲದ ಕಾರಣ, ಸ್ಪೀಕರಿನ ಬೀಪ್ ಸದ್ದುಗಳ ಮೂಲಕ ಇಲ್ಲವೇ ಮದರ್‌ಬೋರ್ಡಿನ ಪುಟ್ಟ ದೀಪಗಳ ಮೂಲಕ ತಿಳಿಸಲಾಗುತ್ತದೆ. ಐಬಿಎಂ ಪಿಸಿಯಲ್ಲಿ ಒಂದು ಚಿಕ್ಕ ಬೀಪ್ ಎಲ್ಲವೂ ಸರಿಯಿದೆ ಎಂಬುದರ ಸೂಚನೆಯಾಗಿತ್ತು.

ದಿನಾಂಕ ಮತ್ತು ಸಮಯವನ್ನು ಕಾಯ್ದುಕೊಳ್ಳಲು ಮದರ್‌ಬೋರ್ಡಿನಲ್ಲಿ ನಾಣ್ಯದಾಕಾರದ 3 ವೋಲ್ಟ್ ಬ್ಯಾಟರಿಯಿರುತ್ತದೆ. ಇದು ಬರಿದಾದಾಗ ಗಡಿಯಾರವು ಹಳೆಯ ದಿನಾಂಕಕ್ಕೆ ಮರಳುತ್ತದೆ. ಆಗ ಜಾಲತಾಣಗಳ ಭದ್ರತಾ ಪ್ರಮಾಣಪತ್ರಗಳ ಅವಧಿಯನ್ನು ಸರಿಯಾಗಿ ಪರಿಶೀಲಿಸಲಾಗದೆ ಬ್ರೌಸರ್‌ಗಳು ಎಚ್ಚರಿಕೆ ನೀಡುವುದೂ ಉಂಟು.

ಈ ಹಂತದ ಸಂದೇಶಗಳು ಸಾಮಾನ್ಯವಾಗಿ ಇಂಗ್ಲಿಷ್‌ನಲ್ಲಿ ಕಾಣಿಸಿಕೊಳ್ಳುತ್ತವೆ. ಐಬಿಎಂ ಪಿಸಿಯ ಪಠ್ಯವಿಧಾನದಲ್ಲಿ 256 ಸ್ಥಿರ ಅಕ್ಷರರೂಪಗಳಿಗಷ್ಟೇ ಅವಕಾಶವಿತ್ತು. ಕನ್ನಡವನ್ನು ತೋರಿಸಬೇಕಾದರೆ ಅಕ್ಷರಶೈಲಿಯ ಜೊತೆಗೆ, ಒತ್ತಕ್ಷರ ಮತ್ತು ಗುಣಿತಾಕ್ಷರಗಳನ್ನು ಸನ್ನಿವೇಶಕ್ಕೆ ತಕ್ಕಂತೆ ಜೋಡಿಸುವ ತಂತ್ರಾಂಶವೂ ಬೇಕು. ಇವು ಕಾರ್ಯಾಚರಣ ವ್ಯವಸ್ಥೆಯ ಭಾಗವಾಗಿ ಡಿಸ್ಕ್‌ನಲ್ಲಿರುವುದರಿಂದ ಬೂಟಿಂಗ್‌ನ ಕೊನೆಯ ಹಂತಗಳಲ್ಲಿ ಮಾತ್ರ ಲಭ್ಯವಾಗುತ್ತವೆ.

ಬೂಟ್ ಸಾಧನದ ಆಯ್ಕೆ

ಸ್ವಪರೀಕ್ಷೆ ಮುಗಿದ ಮೇಲೆ ಫರ್ಮ್‌ವೇರ್ ತನ್ನಲ್ಲಿ ದಾಖಲಾಗಿರುವ ಕ್ರಮದಲ್ಲಿ ಡಿಸ್ಕ್, ಯುಎಸ್‌ಬಿ ಪೆನ್‌ಡ್ರೈವ್, ಜಾಲಸಂಪರ್ಕ ಮೊದಲಾದ ಸಾಧನಗಳನ್ನು ಹುಡುಕುತ್ತದೆ. ಮುಂದಿನ ತಂತ್ರಾಂಶವನ್ನು ಗುರುತಿಸುವ ಬಗೆಯಲ್ಲಿ ಬಯೋಸ್ ಮತ್ತು ಯುಇಎಫ್ಐಗಳ ನಡುವೆ ಮೂಲಭೂತ ವ್ಯತ್ಯಾಸವಿದೆ.

ಬಯೋಸ್‌ಗೆ ಡಿಸ್ಕ್‌ನಲ್ಲಿರುವ ಕಡತಗಳ ಪರಿಚಯವಿಲ್ಲ. ಅದು ಡಿಸ್ಕ್‌ನ ಮೊಟ್ಟಮೊದಲ 512 ಬೈಟ್‌ಗಳನ್ನು ಮೆಮೊರಿಯ 31,744ನೇ ವಿಳಾಸಕ್ಕೆ ತಂದು ಅಲ್ಲಿಗೆ ಜಿಗಿಯುತ್ತದೆ. ಮಾಸ್ಟರ್ ಬೂಟ್ ರೆಕಾರ್ಡ್ ಎಂಬ ಈ ಭಾಗದಲ್ಲಿ ಗರಿಷ್ಠ 446 ಬೈಟ್‌ಗಳು ತಂತ್ರಾಂಶಕ್ಕೂ 64 ಬೈಟ್‌ಗಳು ಡಿಸ್ಕ್ ವಿಭಾಗಗಳ ಪಟ್ಟಿಗೂ ಮೀಸಲಾಗಿವೆ. ಉಳಿದ 2 ಬೈಟ್‌ಗಳಲ್ಲಿ 85 ಮತ್ತು 170 ಎಂಬ ನಿಶ್ಚಿತ ಸಂಖ್ಯೆಗಳು ಗುರುತಾಗಿ ಇರುತ್ತವೆ. ಸಾಮಾನ್ಯವಾಗಿ ಬಯೋಸ್ ಈ ಗುರುತನ್ನು ಮಾತ್ರ ಪರೀಕ್ಷಿಸುತ್ತದೆ. ಅಲ್ಲಿರುವ ತಂತ್ರಾಂಶವನ್ನು ಬರೆದವರು ಯಾರು, ಅದರ ಉದ್ದೇಶವೇನು ಎಂಬುದನ್ನು ಪರಿಶೀಲಿಸುವುದಿಲ್ಲ. ಈ ಪಟ್ಟಿಯಲ್ಲಿ ವಿಳಾಸಗಳಿಗೆ 32 ಬಿಟ್‌ಗಳಷ್ಟೇ ಸ್ಥಳವಿರುವ ಕಾರಣ, 512 ಬೈಟ್‌ಗಳ ಖಂಡಗಳಿರುವ ಡಿಸ್ಕ್‌ನಲ್ಲಿ ಸುಮಾರು 2 ಟೆರಾಬೈಟ್‌ಗಳಿಗಿಂತ ಹೆಚ್ಚಿನ ಜಾಗವನ್ನು ಗುರುತಿಸಲಾಗುವುದಿಲ್ಲ.

ಯುಇಎಫ್ಐ ಈ ಮಿತಿಗಳನ್ನು ಮೀರಲು ರೂಪುಗೊಂಡಿತು. ಇಂಟೆಲ್ ಸಂಸ್ಥೆಯು ತನ್ನ ಇಟೇನಿಯಂ ಪ್ರೊಸೆಸರಿಗಾಗಿ 1990ರ ದಶಕದ ಕೊನೆಯಲ್ಲಿ ಆರಂಭಿಸಿದ ಯೋಜನೆ ಇದರ ಮೂಲ. 2005ರಲ್ಲಿ ರಚನೆಯಾದ ಹಲವು ಸಂಸ್ಥೆಗಳ ವೇದಿಕೆಯೊಂದು ಇದರ ಹೊಣೆಯನ್ನು ವಹಿಸಿಕೊಂಡಿತು. ಯುಇಎಫ್ಐಯು ಡಿಸ್ಕ್‌ನ ವಿಶೇಷ ವಿಭಾಗವೊಂದರಲ್ಲಿರುವ ಕಡತಗಳನ್ನು ಹೆಸರಿನಿಂದಲೇ ಗುರುತಿಸಿ ಓದಬಲ್ಲದು. ಬೂಟ್ ತಂತ್ರಾಂಶವನ್ನು 446 ಬೈಟ್‌ಗಳೊಳಗೆ ತುರುಕುವ ಅಗತ್ಯ ಇದರಿಂದ ಇಲ್ಲವಾಯಿತು. ಇದರೊಂದಿಗೆ ಬಳಸುವ ಜಿಪಿಟಿ ಎಂಬ ವಿಭಾಗಪಟ್ಟಿಯಲ್ಲಿ ವಿಳಾಸಗಳು 64 ಬಿಟ್‌ಗಳಷ್ಟಿರುವುದರಿಂದ 2 ಟೆರಾಬೈಟ್‌ಗಳ ಮಿತಿಯೂ ಇಲ್ಲ.

ಬೂಟ್ ಲೋಡರ್ ಮತ್ತು ಕರ್ನಲ್

ಫರ್ಮ್‌ವೇರ್ ಆರಿಸಿದ ತಂತ್ರಾಂಶಕ್ಕೆ ಬೂಟ್ ಲೋಡರ್ ಎಂದು ಹೆಸರು. ಕಾರ್ಯಾಚರಣ ವ್ಯವಸ್ಥೆಯ ತಿರುಳಾದ ಕರ್ನಲ್ ಅನ್ನು ಮೆಮೊರಿಗೆ ತರುವುದು ಇದರ ಕೆಲಸ. ವಿಂಡೋಸ್‌ನಲ್ಲಿ ವಿಂಡೋಸ್ ಬೂಟ್ ಮ್ಯಾನೇಜರ್ ಈ ಕಾರ್ಯವನ್ನು ಆರಂಭಿಸಿದರೆ, ಅನೇಕ ಲಿನಕ್ಸ್ ವಿತರಣೆಗಳಲ್ಲಿ ಗ್ರಬ್ ಎಂಬ ಸ್ವತಂತ್ರ ತಂತ್ರಾಂಶ ಇದನ್ನು ನಿರ್ವಹಿಸುತ್ತದೆ. ಒಂದೇ ಗಣಕದಲ್ಲಿ ಎರಡು ಕಾರ್ಯಾಚರಣ ವ್ಯವಸ್ಥೆಗಳಿದ್ದರೆ ಯಾವುದು ಬೇಕೆಂದು ಕೇಳುವ ಪಟ್ಟಿ ಈ ಹಂತದಲ್ಲಿ ಕಾಣಿಸಿಕೊಳ್ಳುತ್ತದೆ.

ಕರ್ನಲ್ ಆರಂಭವಾದಾಗ ಮೊದಲ ಸಮಸ್ಯೆ ಮತ್ತೊಂದು ರೂಪದಲ್ಲಿ ಎದುರಾಗುತ್ತದೆ. ಡಿಸ್ಕ್ ಅನ್ನು ಓದಲು ಅದಕ್ಕೆ ಡ್ರೈವರ್ ತಂತ್ರಾಂಶ ಬೇಕು, ಆದರೆ ಆ ಡ್ರೈವರ್ ಇರುವುದೇ ಡಿಸ್ಕ್‌ನಲ್ಲಿ. ಆದ್ದರಿಂದ ಲಿನಕ್ಸ್‌ನಲ್ಲಿ ಬೂಟ್ ಲೋಡರ್ ಅಗತ್ಯವಾದ ಡ್ರೈವರ್‌ಗಳ ಪುಟ್ಟ ಗಂಟೊಂದನ್ನು ಕರ್ನಲ್‌ನ ಜೊತೆಗೇ ಮೆಮೊರಿಗೆ ತಂದಿರುತ್ತದೆ. ವಿಂಡೋಸ್‌ನಲ್ಲೂ ಬೂಟ್‌ಗೆ ಅತ್ಯಗತ್ಯವೆಂದು ಗುರುತಿಸಿದ ಡ್ರೈವರ್‌ಗಳನ್ನು ಲೋಡರ್ ಮೊದಲೇ ತರುತ್ತದೆ. ಬಳಿಕ ಕರ್ನಲ್ ಮೆಮೊರಿಯ ಹಂಚಿಕೆಯನ್ನು ವಹಿಸಿಕೊಂಡು, ಕಾಯುತ್ತಿದ್ದ ಉಳಿದ ಕೋರ್‌ಗಳನ್ನು ಎಚ್ಚರಿಸಿ, ಮೊದಲ ಸಾಮಾನ್ಯ ತಂತ್ರಾಂಶವನ್ನು ಚಲಾಯಿಸುತ್ತದೆ. ಲಿನಕ್ಸ್‌ನಲ್ಲಿ ಇದಕ್ಕೆ 1 ಎಂಬ ಕ್ರಮಸಂಖ್ಯೆಯಿದ್ದು, ಉಳಿದ ಸೇವೆಗಳೆಲ್ಲ ಇದರ ಮೂಲಕವೇ ಆರಂಭವಾಗುತ್ತವೆ. ಕೊನೆಯಲ್ಲಿ ಲಾಗಿನ್ ಪರದೆಯು ಮೂಡುತ್ತದೆ.

ಮರುಬೂಟ್ ಮತ್ತು ಶೀಘ್ರ ಆರಂಭ

ವಿದ್ಯುತ್ ಇಲ್ಲದ ಸ್ಥಿತಿಯಿಂದ ಆರಂಭಿಸುವುದನ್ನು ಕೋಲ್ಡ್ ಬೂಟ್ ಎಂದೂ ವಿದ್ಯುತ್ ಕಡಿಯದೆ ಮತ್ತೆ ಆರಂಭಿಸುವುದನ್ನು ವಾರ್ಮ್ ಬೂಟ್ ಎಂದೂ ಕರೆಯುತ್ತಾರೆ. ಮೂರು ಕೀಲಿಗಳನ್ನು ಒಟ್ಟಿಗೆ ಒತ್ತಿ ವಾರ್ಮ್ ಬೂಟ್ ಮಾಡುವ ಕಂಟ್ರೋಲ್-ಆಲ್ಟ್-ಡಿಲೀಟ್ ಸಂಯೋಜನೆಯನ್ನು ಐಬಿಎಂ ಪಿಸಿ ತಂಡದ ಎಂಜಿನಿಯರ್ ಡೇವಿಡ್ ಬ್ರಾಡ್ಲಿ ರೂಪಿಸಿದರು. ಇದರಿಂದ ಪ್ರತಿ ಬಾರಿಯೂ ದೀರ್ಘವಾದ ಮೆಮೊರಿ ಪರೀಕ್ಷೆಗಾಗಿ ಕಾಯುವುದು ತಪ್ಪುತ್ತಿತ್ತು.

2012ರಲ್ಲಿ ಬಂದ ವಿಂಡೋಸ್ 8ರಿಂದ 'ಫಾಸ್ಟ್ ಸ್ಟಾರ್ಟಪ್' ಎಂಬ ಸೌಲಭ್ಯವಿದೆ. ಇದು ಸಕ್ರಿಯವಾಗಿದ್ದಾಗ, ಗಣಕವನ್ನು ಶಟ್‌ಡೌನ್ ಮಾಡಿದರೂ ಕರ್ನಲ್‌ನ ಸ್ಥಿತಿಯನ್ನು ಡಿಸ್ಕ್‌ನಲ್ಲಿ ಉಳಿಸಿ ಮುಂದಿನ ಬಾರಿ ಅದನ್ನೇ ಮರಳಿ ತರಲಾಗುತ್ತದೆ. 'ರೀಸ್ಟಾರ್ಟ್' ಆಯ್ಕೆಯು ಮಾತ್ರ ಕರ್ನಲ್ ಅನ್ನು ಹೊಸದಾಗಿ ಆರಂಭಿಸುತ್ತದೆ. ಶಟ್‌ಡೌನ್‌ನಿಂದ ಪರಿಹಾರವಾಗದ ಕೆಲವು ದೋಷಗಳು ರೀಸ್ಟಾರ್ಟ್‌ನಿಂದ ಪರಿಹಾರವಾಗುವುದು ಈ ಕಾರಣದಿಂದಲೇ.

ಸುರಕ್ಷತೆ

ಬೂಟ್ ಸರಣಿಯ ಆರಂಭದ ಕೊಂಡಿಗಳನ್ನು ಗುರಿಯಾಗಿಸಿದ ದಾಳಿಗಳು ಬಹುಕಾಲದಿಂದ ನಡೆದಿವೆ. 1986ರಲ್ಲಿ ಪಾಕಿಸ್ತಾನದ ಲಾಹೋರಿನಲ್ಲಿ ಹುಟ್ಟಿದ 'ಬ್ರೇನ್' ವೈರಸ್ ಫ್ಲಾಪಿಯ ಬೂಟ್ ಸೆಕ್ಟರ್‌ನಲ್ಲಿ ನೆಲೆಸುತ್ತಿತ್ತು. ಆ ಫ್ಲಾಪಿಯಿಂದ ಗಣಕವನ್ನು ಆರಂಭಿಸಿದಾಗ ಡಾಸ್‌ಗಿಂತ ಮೊದಲೇ ಅದು ಮೆಮೊರಿಯನ್ನು ಸೇರುತ್ತಿತ್ತು. 1999ರ ಏಪ್ರಿಲ್ 26ರಂದು ಸಕ್ರಿಯವಾದ ಸಿಐಎಚ್ ವೈರಸ್ ಡಿಸ್ಕ್‌ನ ಆರಂಭದ ಭಾಗವನ್ನು ಅಳಿಸುವುದರ ಜೊತೆಗೆ ಕೆಲವು ಮದರ್‌ಬೋರ್ಡುಗಳ ಬಯೋಸ್ ಚಿಪ್ಪನ್ನೂ ಕೆಡಿಸಿತು. ಅಂಥ ಗಣಕಗಳಲ್ಲಿ ಮೊದಲ ಆದೇಶವೇ ಇಲ್ಲವಾದ್ದರಿಂದ ಚಿಪ್ಪನ್ನು ಬದಲಿಸದೆ ಅಥವಾ ಬೇರೆ ಉಪಕರಣದಿಂದ ಮರುಬರೆಯದೆ ಅನ್ಯ ಮಾರ್ಗವಿರಲಿಲ್ಲ.

ಈ ದೌರ್ಬಲ್ಯಕ್ಕೆ ಪರಿಹಾರವಾಗಿ ಯುಇಎಫ್ಐಯಲ್ಲಿ 'ಸೆಕ್ಯೂರ್ ಬೂಟ್' ಎಂಬ ವ್ಯವಸ್ಥೆ ಸೇರಿತು. ಇದರಲ್ಲಿ ಫರ್ಮ್‌ವೇರ್ ಬೂಟ್ ಲೋಡರಿನ ಡಿಜಿಟಲ್ ಸಹಿಯನ್ನು ಪರಿಶೀಲಿಸುತ್ತದೆ. ಅಂಗೀಕೃತ ಸಹಿ ಇಲ್ಲದ ಅಥವಾ ನಿಷೇಧಿತ ಪಟ್ಟಿಯಲ್ಲಿರುವ ತಂತ್ರಾಂಶಕ್ಕೆ ನಿಯಂತ್ರಣವನ್ನು ಒಪ್ಪಿಸುವುದಿಲ್ಲ. ವಿಂಡೋಸ್ 8ರ ಕಾಲದಿಂದ ಇದು ವ್ಯಾಪಕವಾಗಿ ಬಳಕೆಗೆ ಬಂದಿತು. ಬಹುತೇಕ ಪಿಸಿಗಳಲ್ಲಿ ಮೈಕ್ರೋಸಾಫ್ಟ್‌ನ ಕೀಲಿಗಳೇ ಮೊದಲಿಗೆ ಇರುವುದರಿಂದ, ತನ್ನ ಗಣಕದಲ್ಲಿ ಯಾವ ಕಾರ್ಯಾಚರಣ ವ್ಯವಸ್ಥೆ ನಡೆಯಬೇಕೆಂಬುದನ್ನು ಮಾಲೀಕನೇ ನಿರ್ಧರಿಸಲು ಸಾಧ್ಯವೇ ಎಂಬ ಚರ್ಚೆಯನ್ನು ಸ್ವತಂತ್ರ ತಂತ್ರಾಂಶ ವಲಯವು ಎತ್ತಿತು. ಮೈಕ್ರೋಸಾಫ್ಟ್‌ನಿಂದ ಸಹಿ ಪಡೆದ 'ಶಿಮ್' ಎಂಬ ಪುಟ್ಟ ಲೋಡರಿನ ಮೂಲಕ ಅನೇಕ ಲಿನಕ್ಸ್ ವಿತರಣೆಗಳು ಈ ತೊಡಕನ್ನು ದಾಟಿವೆ. ಸೆಕ್ಯೂರ್ ಬೂಟ್ ಕೂಡ ಅಭೇದ್ಯವಲ್ಲ. 2023ರಲ್ಲಿ ಬೆಳಕಿಗೆ ಬಂದ 'ಬ್ಲ್ಯಾಕ್‌ಲೋಟಸ್' ಎಂಬ ದುರುದ್ದೇಶಿ ತಂತ್ರಾಂಶವು ಸರಿಯಾದ ಸಹಿಯಿದ್ದ, ಆದರೆ ದೋಷವಿದ್ದ ಹಳೆಯ ಬೂಟ್ ಕಡತಗಳನ್ನು ಬಳಸಿ ಈ ಕಾವಲನ್ನು ದಾಟಿತು.

ಟಿಪಿಎಂ ಎಂಬ ಭದ್ರತಾ ಘಟಕವು ಇನ್ನೊಂದು ಬಗೆಯ ಕಾವಲು. ಬೂಟಿಂಗ್‌ನ ಪ್ರತಿ ಹಂತವೂ ಮುಂದಿನ ಹಂತದ ತಂತ್ರಾಂಶದ ಅಳತೆಯೊಂದನ್ನು ಇದರಲ್ಲಿ ದಾಖಲಿಸುತ್ತದೆ. ವಿಂಡೋಸ್‌ನ ಬಿಟ್‌ಲಾಕರ್ ವ್ಯವಸ್ಥೆಯಲ್ಲಿ ಗೂಢಲಿಪೀಕರಿಸಿದ ಡಿಸ್ಕ್‌ನ ಕೀಲಿಯನ್ನು, ಅಳತೆಗಳು ನಿರೀಕ್ಷೆಯಂತಿದ್ದರೆ ಮಾತ್ರ ಟಿಪಿಎಂ ಬಿಟ್ಟುಕೊಡುತ್ತದೆ. ಫರ್ಮ್‌ವೇರ್ ನವೀಕರಣ ಅಥವಾ ಮದರ್‌ಬೋರ್ಡ್ ಬದಲಾವಣೆಯ ನಂತರ ಗಣಕವು 48 ಅಂಕಿಗಳ ಮರುಪ್ರಾಪ್ತಿ ಕೀಲಿಯನ್ನು ಕೇಳುವುದು ಇದರಿಂದಲೇ. ಆ ಕೀಲಿಯನ್ನು ಎಲ್ಲಿಯೂ ಉಳಿಸಿಕೊಂಡಿರದಿದ್ದರೆ ಡಿಸ್ಕ್‌ನಲ್ಲಿರುವ ದತ್ತಾಂಶವನ್ನು ಮಾಲೀಕನೂ ಓದಲಾರ.

ಬೂಟ್ ವೈಫಲ್ಯ

ಬೂಟಿಂಗ್ ನಿಶ್ಚಿತ ಕ್ರಮದಲ್ಲಿ ನಡೆಯುವುದರಿಂದ, ಅದು ಎಲ್ಲಿ ನಿಂತಿತು ಎಂಬುದರಿಂದ ದೋಷದ ಸ್ಥಳವನ್ನು ಊಹಿಸಬಹುದು. ಫ್ಯಾನ್ ತಿರುಗದೆ, ಯಾವ ದೀಪವೂ ಹತ್ತದಿದ್ದರೆ ದೋಷವು ವಿದ್ಯುತ್ ಪೂರೈಕೆಯಲ್ಲಿರುವ ಸಾಧ್ಯತೆ ಹೆಚ್ಚು. ಫ್ಯಾನ್ ತಿರುಗಿಯೂ ಪರದೆ ಖಾಲಿಯಾಗಿದ್ದರೆ ರ‍್ಯಾಮ್, ಗ್ರಾಫಿಕ್ಸ್ ಅಥವಾ ಫರ್ಮ್‌ವೇರ್‌ನಲ್ಲಿ ತೊಂದರೆಯಿರಬಹುದು. ತಯಾರಕರ ಲಾಂಛನ ಕಾಣಿಸಿಕೊಂಡು, ಬೂಟ್ ಸಾಧನ ದೊರೆಯಲಿಲ್ಲವೆಂಬ ಸಂದೇಶ ಬಂದರೆ ಡಿಸ್ಕ್ ಸಂಪರ್ಕ ತಪ್ಪಿರಬಹುದು ಅಥವಾ ಬೂಟ್ ಲೋಡರ್ ಅಳಿದಿರಬಹುದು. ಕಾರ್ಯಾಚರಣ ವ್ಯವಸ್ಥೆಯ ಚಿಹ್ನೆ ಮೂಡಿದ ಮೇಲೆ ಗಣಕ ನಿಂತರೆ ಕರ್ನಲ್, ಡ್ರೈವರ್ ಇಲ್ಲವೇ ಡಿಸ್ಕ್‌ನ ಕಡತಗಳನ್ನು ಪರೀಕ್ಷಿಸಬೇಕಾಗುತ್ತದೆ. ಬೂಟ್ ಆಗದ ಗಣಕದಲ್ಲಿಯೂ ಡಿಸ್ಕ್‌ನ ದತ್ತಾಂಶ ಸುರಕ್ಷಿತವಾಗಿರಬಹುದು. ಅದನ್ನು ಬೇರೆ ಗಣಕಕ್ಕೆ ಜೋಡಿಸಿ ಅಥವಾ ಪೆನ್‌ಡ್ರೈವ್‌ನಿಂದ ಲಿನಕ್ಸ್ ಅನ್ನು ಆರಂಭಿಸಿ ಕಡತಗಳನ್ನು ಹೊರತೆಗೆಯುವ ರೂಢಿಯಿದೆ. ಫರ್ಮ್‌ವೇರ್ ನವೀಕರಣದ ಮಧ್ಯೆ ವಿದ್ಯುತ್ ಕಡಿತವಾದರೆ ಚಿಪ್‌ನಲ್ಲಿರುವ ತಂತ್ರಾಂಶ ಅರ್ಧಕ್ಕೇ ನಿಂತು, ಗಣಕ ಮತ್ತೆ ಆರಂಭವಾಗದಿರುವ ಅಪಾಯವಿದೆ. ಆದ್ದರಿಂದ ಯುಪಿಎಸ್ ಅಥವಾ ಚಾರ್ಜ್ ಆಗಿರುವ ಬ್ಯಾಟರಿ ಇದ್ದಾಗ ಮಾತ್ರ ಈ ಕೆಲಸ ಮಾಡುವುದು ಸೂಕ್ತ.

2024ರ ಜುಲೈ 19ರ ಘಟನೆಯು ಬೂಟ್ ವೈಫಲ್ಯದ ಅತ್ಯಂತ ವ್ಯಾಪಕ ಉದಾಹರಣೆಗಳಲ್ಲೊಂದು. ಅಂದು ಕ್ರೌಡ್‌ಸ್ಟ್ರೈಕ್ ಸಂಸ್ಥೆಯ ಭದ್ರತಾ ತಂತ್ರಾಂಶಕ್ಕೆ ಬಂದ ದೋಷಪೂರಿತ ನವೀಕರಣದಿಂದ ವಿಂಡೋಸ್ ಗಣಕಗಳು ಕುಸಿದುಬಿದ್ದವು. ಆ ತಂತ್ರಾಂಶದ ಡ್ರೈವರ್ ಬೂಟ್ ಸರಣಿಯಲ್ಲಿ ಬಹಳ ಮೊದಲೇ ಆರಂಭವಾಗುತ್ತಿದ್ದುದರಿಂದ, ಗಣಕಗಳು ಮರುಬೂಟ್ ಆದಾಗಲೆಲ್ಲ ಅದೇ ಹಂತದಲ್ಲಿ ಮತ್ತೆ ಕುಸಿಯುತ್ತಿದ್ದವು. ಸುಮಾರು 85 ಲಕ್ಷ ಗಣಕಗಳು ಬಾಧಿತವಾದವೆಂದು ಮೈಕ್ರೋಸಾಫ್ಟ್ ಅಂದಾಜಿಸಿತು. ಹಲವು ದೇಶಗಳಲ್ಲಿ ವಿಮಾನಯಾನ, ಬ್ಯಾಂಕ್ ಮತ್ತು ಆಸ್ಪತ್ರೆಗಳ ಸೇವೆಗಳು ವ್ಯತ್ಯಯಗೊಂಡವು. ಭಾರತದ ಕೆಲವು ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸ್‌ಗಳನ್ನು ಕೈಯಲ್ಲಿ ಬರೆದು ಕೊಡಲಾಯಿತು. ದೋಷವಿದ್ದ ಕಡತವನ್ನು ಸುಮಾರು ಒಂದೂವರೆ ಗಂಟೆಯೊಳಗೆ ಹಿಂಪಡೆಯಲಾಯಿತಾದರೂ, ಬೂಟ್ ಪೂರ್ಣಗೊಳ್ಳದ ಗಣಕಗಳಲ್ಲಿ ಬಹಳಷ್ಟಕ್ಕೆ ಸರಿಪಡಿಸಿದ ಆವೃತ್ತಿಯನ್ನು ಜಾಲದ ಮೂಲಕ ತಲುಪಿಸಲಾಗಲಿಲ್ಲ. ಅಂಥ ಗಣಕಗಳ ಮುಂದೆ ಒಬ್ಬ ತಂತ್ರಜ್ಞ ಕುಳಿತು, ಅತ್ಯಗತ್ಯ ಡ್ರೈವರ್‌ಗಳೊಂದಿಗೆ ಮಾತ್ರ ಆರಂಭವಾಗುವ 'ಸೇಫ್ ಮೋಡ್'ನಲ್ಲಿ ಅದನ್ನು ಬೂಟ್ ಮಾಡಿ, ಆ ಒಂದು ಕಡತವನ್ನು ಅಳಿಸಬೇಕಾಯಿತು. ಬಿಟ್‌ಲಾಕರ್ ಇದ್ದ ಕಡೆಗಳಲ್ಲಿ ಅದಕ್ಕೂ ಮೊದಲು 48 ಅಂಕಿಗಳ ಕೀಲಿಯನ್ನು ಹುಡುಕಬೇಕಾಯಿತು.